ನಾನು ಕುಡಿದಿರಲಿಲ್ಲ

ಅದು 1984. ರಿಪ್ಪನ್‌ಪೇಟೆ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಆ ವರ್ಷ ನನಗೊಂದು ವಿಚಿತ್ರ ಕಾಟ ಶುರುವಾಗಿತ್ತು. ಬೆಳಿಗ್ಗೆ ತಿಂಡಿ ತಡವಾದರೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಒಂದು ದಿನ ಮಕ್ಕಳೆದುರೇ ಏನೇನೋ ಬಡಬಡಿಸಿ ಕುರ್ಚಿಯಿಂದ ಜಾರಿಬಿದ್ದೆನಂತೆ. ನನಗೆ ಅದೊಂದೂ ನೆನಪಿಲ್ಲ. ಮೇಷ್ಟ್ರು ಕುಡಿದು ಬರ್ತಾರೆ ಅಂತ ಊರಲ್ಲಿ ಸುದ್ದಿಯಾಯಿತು. ಹೆಂಡತಿ ಶಾರದೆ ಕೂಡ, "ನನ್ನ ಹತ್ರನಾದ್ರೂ ನಿಜ ಹೇಳಿ" ಎಂದು ಅತ್ತಳು.

ಕೊನೆಗೆ ಯಾರೋ ದೂರು ಕೊಟ್ಟರು. ವಿಚಾರಣೆಗೆಂದು ಶಿಕ್ಷಣ ಇಲಾಖೆಯ ಸಾಹೇಬರು ಹೊಸನಗರಕ್ಕೆ ಬರಹೇಳಿದರು. ಅಂದು ಹೆದರಿಕೆಗೆ ಏನೂ ಸೇರದೆ ಖಾಲಿ ಹೊಟ್ಟೆಯಲ್ಲೇ ಮೊದಲ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಕಣ್ಣು ಮಂಜಾಯಿತು. ಮುಂದಿನದೆಲ್ಲ ಬೇರೆಯವರು ಹೇಳಿ ಗೊತ್ತಾದದ್ದು. ಟಿಕೆಟ್ ಕೇಳಿದ ಕಂಡಕ್ಟರನ್ನು ಬಾಯಿಗೆ ಬಂದಂತೆ ಬೈದೆನಂತೆ. "ಬೆಳಿಗ್ಗೆನೇ ಏರಿಸ್ಕಂಡ್ ಬಂದಾರೆ, ಇಳಿಸಿಬಿಡಾಣ" ಎಂದು ಅವರು ಬಸ್ಸು ನಿಲ್ಲಿಸಿದರಂತೆ.

ಆಗ ಮುಂದಿನ ಸೀಟಿನಲ್ಲಿದ್ದ ನರ್ಸೊಬ್ಬರು ಎದ್ದು ಬಂದು ನನ್ನ ಬಾಯಿ ಮೂಸಿ ನೋಡಿದರು. "ವಾಸನೆನೇ ಇಲ್ಲ ಕಣ್ರೀ. ಯಾರ ಹತ್ರನಾದ್ರೂ ಸಕ್ಕರೆನೋ ಬೆಲ್ಲನೋ ಇದ್ಯಾ?" ಯಾರೋ ಚೀಲದಿಂದ ಬೆಲ್ಲ ತೆಗೆದುಕೊಟ್ಟರು. ಅದನ್ನು ನೀರಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ನಾನು ನೆಟ್ಟಗೆ ಕೂತು, "ಹೊಸನಗರ ಬಂತಾ?" ಎಂದೆ. ಯಾಕೆ ಹೋಗುತ್ತಿದ್ದೇನೆಂದು ನರ್ಸಿಗೆ ಹೇಳಿಕೊಂಡೆ.

ಆ ತಾಯಿ ತಮ್ಮ ಡ್ಯೂಟಿಗೆ ಹೋಗುವುದು ಬಿಟ್ಟು ನನ್ನ ಜೊತೆ ಆಫೀಸಿಗೇ ಬಂದರು. "ಸಾರ್, ಇವ್ರು ಕುಡ್ದಿಲ್ಲ, ಇದು ಕಾಯಿಲೆ. ಬೇಕಾದ್ರೆ ಬರ್ದು ಕೊಡ್ತೀನಿ" ಎಂದರು. ಸಾಹೇಬರ ಎದುರು ನಾನು ಮಗುವಿನಂತೆ ಅತ್ತುಬಿಟ್ಟೆ. ಅವರು ದೂರನ್ನು ಅಲ್ಲಿಗೇ ಬಿಟ್ಟರು.

ನರ್ಸ್ ಹೇಳಿದಂತೆ ಸಾಗರದ ಡಾಕ್ಟರ ಹತ್ತಿರ ಹೋದೆ. ಅವರು ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮೇದೋಜೀರಕ ಗ್ರಂಥಿಯಲ್ಲಿ ಕಡಲೆಕಾಳಿನಷ್ಟು ಗಂಟು ಇತ್ತು. ರಕ್ತದ ಸಕ್ಕರೆ ಇಳಿಸುತ್ತಿದ್ದದ್ದು ಅದೇ. ಈಗ ಇಂಥದ್ದನ್ನು ರೋಬೋಟ್ ಕೈಯಿಂದ ಸಣ್ಣ ತೂತಿನಲ್ಲೇ ತೆಗೆಯುತ್ತಾರಂತೆ. ಆಗ ಹೊಟ್ಟೆ ಕೊಯ್ದು, ಬೆರಳಿನಿಂದ ತಡಕಿ ಹುಡುಕಿ, ಗ್ರಂಥಿಯ ಒಂದು ಭಾಗವನ್ನೇ ತೆಗೆದರು. ಎಚ್ಚರವಾದಾಗ ಶಾರದೆ ನನ್ನ ಕೈ ಹಿಡಿದು ಕೂತಿದ್ದಳು. "ನಾನೂ ನಂಬಲಿಲ್ವಲ್ರೀ" ಎಂದಳು. ಅವಳ ತಪ್ಪೇನಿತ್ತು? ನನಗೇ ನನ್ನ ಮೇಲೆ ಅನುಮಾನ ಬಂದಿತ್ತು.

ಆ ಕಾಟ ಮತ್ತೆ ಬರಲಿಲ್ಲ. ನಿವೃತ್ತಿಯವರೆಗೂ ಪಾಠ ಮಾಡಿದೆ. ಇವತ್ತಿಗೂ ರಸ್ತೆ ಬದಿ ಯಾರಾದರೂ ಬಿದ್ದಿದ್ದರೆ ನನಗೆ ದಾಟಿ ಹೋಗಲು ಆಗುವುದಿಲ್ಲ. ಎಷ್ಟೋ ಸಲ ನಿಜವಾಗಿಯೂ ಕುಡಿದೇ ಬಿದ್ದಿರುತ್ತಾರೆ. ಇರಲಿ, ಹತ್ತಿರ ಹೋಗಿ ಬಗ್ಗಿ ನೋಡುತ್ತೇನೆ.