ಕೆನೆಬಣ್ಣದ ಸೋಫಾ, ಅಪ್ಪನ ಹಳೇ ಪೇಪರು

ನರ್ಸಮ್ಮನ ಮನೆಗೆ ಆ ಕೆನೆಬಣ್ಣದ ಸೋಫಾ ಬಂದ ದಿನವೇ ಪೀಡೆ ವಕ್ಕರಿಸಿತು ಅನ್ನಬೇಕು. ತಂದವನು ಗಂಡ, ತೊಳೆಯುವ ಕರ್ಮ ಇವಳದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವನಿಗೆ ಈ ಸೋಫಾ ಮುದ್ದು. ವಾರವಿಡೀ ಆಸ್ಪತ್ರೆಯಲ್ಲಿ ಗಾಯ ಒರೆಸಿದವಳು ಭಾನುವಾರ ಇದನ್ನು ಒರೆಸಬೇಕು. ಬ್ರಷ್ಷಿನಿಂದ ಧೂಳು ತೆಗೆ, ತಣ್ಣೀರಿಗೆ ಒಂದೇ ಹನಿ ಸೋಪು ಹಾಕು, ಬಿಳಿ ಬಟ್ಟೆಯಿಂದ ಒತ್ತು, ತಪ್ಪಿಯೂ ಉಜ್ಜಬೇಡ. ಕಲೆಯಷ್ಟನ್ನೇ ಒದ್ದೆ ಮಾಡಿದರೆ ಒಣಗಿದ ಮೇಲೆ ಸುತ್ತ ನೀರಿನ ಗುರುತು ಕೂರುತ್ತದೆ. ಹಾಗಾಗಿ ಹೊಲಿಗೆಯಿಂದ ಹೊಲಿಗೆಯವರೆಗೆ ಇಡೀ ದಿಂಬನ್ನೇ ಒರೆಸಿ ಫ್ಯಾನಿನ ಕೆಳಗೆ ಒಣಗಿಸು. ಗಂಡ ಬಾಗಿಲಲ್ಲಿ ನಿಂತು, "ಅಲ್ಲೊಂದು ಚುಕ್ಕೆ ಇದೆ ನೋಡೇ" ಅನ್ನುತ್ತಾನೆ. ಹೇಳುವವನ ಗಂಟೇನು ಹೋಗುತ್ತದೆ!

ಅವಳ ಅಪ್ಪ ಮೆಕ್ಯಾನಿಕ್. ನಲವತ್ತು ವರ್ಷದ ಗ್ರೀಸು ಬೆರಳ ಗೆರೆಗಳಲ್ಲಿ ಮನೆ ಮಾಡಿಕೊಂಡಿದೆ. ತಾಯಿಯಿಲ್ಲದ ಮಗಳು ನರ್ಸಿಂಗ್ ಓದುವಾಗ ಅವಳ ಬಿಳಿ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದ್ದು ಇದೇ ಕೈ. ಮೂರು ಸಲ ಸೋಪು ಹಚ್ಚಿ ಕೈ ತೊಳೆದು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಮಡಿಸುತ್ತಿದ್ದ. ಒಂದೇ ಒಂದು ಕಲೆ ಬಿದ್ದದ್ದಿಲ್ಲ.

ಅಂಥವನು ಮಗಳ ಮನೆಗೆ ಬರುವಾಗ ಕಂಕುಳಲ್ಲಿ ಹಳೇ ಪೇಪರು ತರತೊಡಗಿದ. ಸೋಫಾದ ಮೇಲೆ ಹಾಸಿ ಮುದುಡಿ ಕೂರುತ್ತಿದ್ದ. ಎಷ್ಟು ಹೇಳಿದರೂ, "ಇರ್ಲಿ ಬಿಡಮ್ಮ, ನಂಗಿದೇ ಆರಾಮ" ಅನ್ನುತ್ತಿದ್ದ. ಹೋದ ಭಾನುವಾರ ಬಿಸಿಲಲ್ಲಿ ನಡೆದು ಬಂದು ಬೆವೆತು ತೊಪ್ಪೆಯಾಗಿದ್ದ. ಎದ್ದು ನೋಡಿದರೆ ಪೇಪರಿನ ಮಸಿ ಬೆವರಿಗೆ ಕರಗಿ ಸೋಫಾಕ್ಕೆ ಇಳಿದಿತ್ತು. ಪಾಪ, ಕಲೆಯಾಗಬಾರದೆಂದು ಹಾಸಿದ್ದೇ ಕಲೆಯಾಯಿತು.

ಅಪ್ಪ ಇನ್ನೂ ಚಪ್ಪಲಿ ಮೆಟ್ಟುತ್ತಿದ್ದ. ಅಷ್ಟರಲ್ಲೇ ಗಂಡ, "ಮುಂದಿನ ಸಲ ನಿಮ್ಮಪ್ಪಂಗೆ ಬಾಗಿಲ ಹತ್ರ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಬಿಡು" ಅಂದ.

ಮುದುಕನಿಗೆ ಕೇಳಿಸಿತು. ತಿರುಗಿ ನೋಡದೆ ಮೆಟ್ಟಿಲಿಳಿದ. ನರ್ಸಮ್ಮನ ಮೈಯೆಲ್ಲ ಉರಿದುಹೋಯಿತು. ಹತ್ತಿಗೆ ಸ್ಪಿರಿಟ್ಟು ಹಾಕಿ ಮಸಿಯ ಮೇಲೆ ಒತ್ತತೊಡಗಿದಳು. ಅರ್ಧ ಕಲೆ ಹೋಗಿತ್ತು. ಥೂ, ಯಾರಿಗಾಗಿ ಇದೆಲ್ಲ ಎಂದು ಬಾಟಲಿಗೆ ಮುಚ್ಚಳ ಹಾಕಿ ಎದ್ದಳು. ವಾರವಿಡೀ ಗಂಡ ಉಳಿದ ಅರ್ಧ ಕಲೆಯನ್ನು ನೋಡಿ ಗೊಣಗಿದ. ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳಿಗಿದ್ದ ಭಯ ಒಂದೇ, ಅಪ್ಪ ಇನ್ನು ಬರುತ್ತಾನೋ ಇಲ್ಲವೋ.

ಬಂದ. ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು, "ಕುರ್ಚಿ ಎಲ್ಲಿಟ್ಟಿದೀಯಮ್ಮ?" ಎಂದು ಕೇಳಿದ.

ಅವಳು ಅವನ ಕಂಕುಳಿನ ಪೇಪರನ್ನು ಕಿತ್ತುಕೊಂಡು ಪರಪರ ಹರಿದಳು. ರಟ್ಟೆ ಹಿಡಿದು ತಂದು ಸೋಫಾದ ನಟ್ಟನಡುವೆ ಕೂರಿಸಿದಳು. "ಒರಗಿ ಕೂತ್ಕೋ ಅಪ್ಪ. ಕೈ ಚಾಚ್ಕೊಂಡು ಕೂತ್ಕೋ."

"ಏ, ಅವ್ರ ಕೈ ನೋಡೇ..." ಗಂಡ ಬಾಯಿ ತೆರೆದ.

"ನೋಡೇ ಬೆಳೆದವಳು ರೀ ನಾನು!" ಸ್ಪಿರಿಟ್ಟಿನ ಬಾಟಲಿ, ಹತ್ತಿ ಎರಡನ್ನೂ ಅವನ ಕೈಗೆ ತುರುಕಿದಳು. "ಕಲೆ ಕಾಣೋದು ನಿಮ್ಮ ಕಣ್ಣಿಗೆ ತಾನೇ? ಇನ್ಮೇಲೆ ನೀವೇ ಒರೆಸಿ. ಉಜ್ಜಬೇಡಿ, ಒತ್ತಿ."

ಅಪ್ಪ ಮೆಲ್ಲಗೆ ಬೆನ್ನು ಒರಗಿಸಿದ. ಕೈಗಳನ್ನು ಮಾತ್ರ, ಅವಳು ಎಷ್ಟು ಹೇಳಿದರೂ, ಮಡಿಲಿನಿಂದ ಎತ್ತಲೇ ಇಲ್ಲ.