ಲಗಮಣ್ಣನ ಖಾಲಿ ಚೌಕ
ನವಿಲುತೀರ್ಥದ ಅಣೆಕಟ್ಟು ಕಚೇರಿಯ ಲಗಮಣ್ಣ ನಕಾಶೆಯ ಮೇಲೆ ಚೌಕ ಗೀರಿ, ಪ್ರತಿ ಚೌಕದ ನೆಲದ ಎತ್ತರವನ್ನು ಅಂಕಿಯಲ್ಲಿ ಬರೆಯುತ್ತಾನೆ. ಯಾವ ನೆಲ ಮುಳುಗುತ್ತದೆಂದು ಬೆಂಗಳೂರಿನ ಕಂಪ್ಯೂಟರು ಹೇಳುವುದು ಆ ಅಂಕಿಗಳಿಂದಲೇ. ಮುಳುಗಡೆಯ ವಿರುದ್ಧ ಸುತ್ತಲ ಹಳ್ಳಿಯವರಾದ ನಾವು ಘೋಷಣೆ ಕೂಗುತ್ತ ಕಚೇರಿಗೆ ನುಗ್ಗಿದರೆ ತಲೆಯೆತ್ತದೆ ಗದರುತ್ತಾನೆ: “ಸಾವಕಾಶ ಒದರ್ರಿ. ಒಂದು ಚೌಕ ಖಾಲಿ ಉಳದ್ರ ಮಷೀನು ಸೊನ್ನಿ ಅಂತ ತಿಳದು ಗುಡ್ಡಾನೂ ಮುಳುಗಸ್ತೈತಿ.” ಅದೇ ಭಯಕ್ಕೆ ರೊಟ್ಟಿ ಅರ್ಧಕ್ಕೆ ಬಿಟ್ಟು ಚೌಕ ಎಣಿಸುತ್ತಾನೆ, ಸವದತ್ತಿ ಬಸ್ಸು ಹತ್ತಿದವನು ಇಳಿದು ಬಂದು ಮತ್ತೆ ಎಣಿಸುತ್ತಾನೆ. ಅಳಿಸಿಹೋಗುವ ಪೆನ್ಸಿಲಿನಲ್ಲಿ ಅಂಕಿ ಬರೆದ ಕಚೇರಿಯವರಿಗೆ ಬೈಗುಳ ಖಾತ್ರಿ. ಎಲ್ಲವೂ ಶಾಯಿಯಲ್ಲೇ ಇರಬೇಕು. ಮೊನ್ನೆ ಅವನ ಹಾಳೆಯಲ್ಲೇ ಒಂದು ಚೌಕದ ಅಂಕಿ ಪೆನ್ಸಿಲಿನಲ್ಲಿದ್ದುದು ಕಂಡು ಕೇಳಿದೆ. “ನಮ್ಮೂರ್ರಿ. ನೀರಿನ ಮಟ್ಟಕ್ಕಿಂತ ಮೂರು ಫೂಟು ತಗ್ಗಿನಾಗೈತಿ,” ಅಂದ. “ನಾ ಶಾಯಿ ಹಚ್ಚೂದರೊಳಗ ಜೋರಲೆ ಒದರ್ರಿ.”