ಬಿಲ್ಲಾಳ ತೆಳುಗೋಡೆ

ನಮ್ಮೂರಿನ ಚರ್ಚನ್ನು ಮತ್ತೆ ಕಟ್ಟಿದ್ದು ಹಳೆಯ ಇಟ್ಟಿಗೆಯಲ್ಲೇ. ಅವಕ್ಕಂಟಿದ ಗಾರೆ ಕೆರೆದು ಕೊಟ್ಟವರು ಊರಿನ ಹೆಂಗಸರು. ಬಾಗಿಲ ಬಳಿಯ ಕಲ್ಲಿನಲ್ಲಿ ಬಿಷಪ್ಪರ ಹೆಸರಿದೆ, ಆ ಹೆಂಗಸರಲ್ಲೊಬ್ಬಳಾದ ಬಿಲ್ಲಾಳದ್ದಿಲ್ಲ. ಮೇಸ್ತ್ರಿಯಾಗಿದ್ದ ನಾನು, ಥೈಸ್, ಹೇಳದಿದ್ದರೆ ಇನ್ಯಾರು ಹೇಳಿಯಾರು?

ಎರಡನೆಯ ಮಹಾಯುದ್ಧದ ಬಾಂಬಿಗೆ ಉರುಳಿದ ಚರ್ಚಿನ ರಾಶಿಯ ಮೇಲೆ ಕೂತು ಅವಳು ಆರು ವರ್ಷ ಗಾರೆ ಕೆರೆದಳು. ಕೆರೆದ ಇಟ್ಟಿಗೆಯನ್ನು ಒಮ್ಮೆ ತಟ್ಟಿ ನೋಡುವುದು ರೂಢಿ. ಠಣ್ ಎಂದರೆ ಗಟ್ಟಿ, ಬೊದ್ದೆಂದರೆ ಒಳಗೆ ಬಿರುಕು. ಬಿಲ್ಲಾ ಮಾತ್ರ ಮೂರು ಸಲ ತಟ್ಟಿ, ಕಿವಿಗೆ ಹಚ್ಚಿಕೊಂಡು ಕಾಯುತ್ತಿದ್ದಳು.

"ಏನೇ, ಇಟ್ಟಿಗೆಗೆ ಜ್ವರಾನಾ?" ಎಂದು ಒಮ್ಮೆ ರೇಗಿಸಿದೆ.

"ಉತ್ತರ ಬರ್ತಾ ಇದೆ, ಥೈಸ್" ಎಂದಳು. ಆಮೇಲೆ ನಾನು ರೇಗಿಸಲಿಲ್ಲ.

ಚರ್ಚಿನ ನೆಲಮಾಳಿಗೆಗೂ ಅವಳ ಮನೆಯ ನೆಲಮಾಳಿಗೆಗೂ ನಡುವೆ ಒಂಟಿ ಇಟ್ಟಿಗೆಯ ತೆಳುಗೋಡೆಯಿತ್ತು. ಯುದ್ಧಕಾಲದ ಕಟ್ಟಳೆ ಅದು. ಒಂದು ಕಡೆ ಬೆಂಕಿ ಬಿದ್ದರೆ ಅಲ್ಲಿಯವರು ಮೂರು ಸಲ ತಟ್ಟಬೇಕು, ಈ ಕಡೆಯವರು ಗೋಡೆ ಒಡೆದು ಬರಮಾಡಿಕೊಳ್ಳಬೇಕು. ಸುತ್ತಿಗೆ ಬಿಲ್ಲಾಳ ಕಡೆಗಿತ್ತು. ಆಚೆ, ಚರ್ಚಿನ ಕಡೆ, ಬಾಂಬಿಗೆ ಹೆದರಿ ಅಡಗಿದ್ದವರು ಹದಿನೆಂಟು ಜನ, ಅವರಲ್ಲಿ ಅವಳ ತಂಗಿ ನೆಟ್ಟಾ.

ನಲವತ್ತನಾಲ್ಕರ ನವೆಂಬರಿನಲ್ಲಿ ಚರ್ಚಿನ ಮೇಲೆ ಬಾಂಬು ಬಿದ್ದ ಆ ಮಧ್ಯಾಹ್ನ ತಟ್ಟುವ ಸದ್ದು ಒಂದು ಗಂಟೆ ಕೇಳಿಸಿತಂತೆ. ಗೋಡೆ ಸುಡುತ್ತಿತ್ತು, ಸಂದಿಯಿಂದ ಹೊಗೆ ಬರುತ್ತಿತ್ತು, ಬಿಲ್ಲಾಳ ಮಡಿಲಲ್ಲಿ ಅವಳ ಇಬ್ಬರು ಹೆಣ್ಣುಮಕ್ಕಳು. ಒಡೆದಿದ್ದರೆ ಆ ಮಕ್ಕಳು ಉಳಿಯುತ್ತಿರಲಿಲ್ಲ. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತಳು. ನಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ. ಆದರೆ ಬದುಕುಳಿದ ಆ ಮಕ್ಕಳನ್ನು ಅವಳು ಆಮೇಲೆ ಮುಟ್ಟಲೇ ಇಲ್ಲ. ತಲೆ ಬಾಚುವುದಕ್ಕೂ ಪಕ್ಕದ ಮನೆಯವರೇ ಬರಬೇಕಾಯಿತು.

ಐವತ್ತೊಂದರಲ್ಲಿ ತಳಪಾಯ ತೋಡುವಾಗ ಚರ್ಚಿನ ಆ ನೆಲಮಾಳಿಗೆ ಸಿಕ್ಕಿತು. ಒಳಗೆ ಇಳಿದವರು ಪಾದ್ರಿ ಮತ್ತು ನಾನು, ಇಬ್ಬರೇ. ಹದಿನೆಂಟೂ ಜನ ಆ ಗೋಡೆಯ ಬುಡದಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಎಲ್ಲರಿಗಿಂತ ಮುಂದೆ ನೆಟ್ಟಾ. ಅವಳ ಕೈಯಲ್ಲಿ ಅವಳದೇ ಬೂಟು, ಹಿಮ್ಮಡಿ ಜಜ್ಜಿ ಕಿತ್ತುಹೋಗಿತ್ತು.

ಪಾದ್ರಿ ಸುಳ್ಳು ಹೇಳುವಂತಿಲ್ಲ, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ಬೆಂಚಿನ ಮೇಲೆ ಕೂತ ಹಾಗೇ ಇದ್ದರು, ಸ್ಫೋಟದ ಒತ್ತಡಕ್ಕೆ ಒಂದೇ ಕ್ಷಣದಲ್ಲಿ ಹೋಗಿದ್ದಾರೆ, ಗೋಡೆಯ ಹತ್ತಿರ ಯಾರೂ ಬಂದೇ ಇಲ್ಲ ಎಂದು ಬಿಲ್ಲಾಳಿಗೆ ಹೇಳಿದೆ.

"ಹಾಗಾದ್ರೆ ತಟ್ಟಿದ್ದು ಯಾರು?"

"ಕಟ್ಟಡ ಕುಸಿಯೋವಾಗ ಸದ್ದಾಗುತ್ತೆ ಬಿಲ್ಲಾ. ಯಾರೂ ಇಲ್ಲ."

ಅವಳು ಸಂಜೆಯವರೆಗೂ ಅತ್ತಳು. ಮರುದಿನದಿಂದ ಉಳಿದವರಂತೆ ಒಂದೇ ಸಲ ತಟ್ಟಿ ಇಟ್ಟಿಗೆ ಜೋಡಿಸತೊಡಗಿದಳು. ಮಕ್ಕಳಿಗೆ ಜಡೆ ಹಾಕಿದಳು, ಬೀದಿಯಲ್ಲಿ ನಕ್ಕಳು ಕೂಡ. ನಾವು ಆ ನೆಲಮಾಳಿಗೆಗೆ ಮಣ್ಣು ತುಂಬಿ, ಮೇಲೆ ಕಾಂಕ್ರೀಟು ಸುರಿದೆವು. ಸುರಿದ ಮೂರನೆಯ ದಿನ ಮಟಮಟ ಮಧ್ಯಾಹ್ನ, ಕರಣೆ ಕೆಳಗಿಟ್ಟು ರೊಟ್ಟಿಯ ಗಂಟು ಬಿಚ್ಚುತ್ತಿದ್ದಾಗ, ಕೂತ ಜಾಗದ ಅಡಿಯಲ್ಲಿ ನನಗೆ ಕೇಳಿಸಿತು. ಮೂರು ಏಟು, ಬಿಡುವು, ಮತ್ತೆ ಮೂರು. ಜೊತೆಯವರು ಆರಾಮಾಗಿ ತಿನ್ನುತ್ತಿದ್ದರು.

ಚರ್ಚು ತೆರೆದ ದಿನ ಊರಿಗೆ ಊರೇ ಬಂದಿತ್ತು. ಬಿಲ್ಲಾ ಒಬ್ಬೊಬ್ಬ ಮಗಳ ಕೈಯನ್ನು ಒಂದೊಂದು ಕೈಯಲ್ಲಿ ಹಿಡಿದು ನನ್ನ ಪಕ್ಕದಲ್ಲೇ ಇದ್ದಳು. ಬಲಿಪೂಜೆಯಲ್ಲಿ ಎಲ್ಲರೂ ಮೌನವಾಗಿ ಮಂಡಿಯೂರಿದಾಗ ನೆಲದಿಂದ ಅದೇ ಮೂರೇಟಿನ ಸದ್ದು ಬಂತು. ತಡೆಯಲಾರದೆ ಅವಳ ಮನೆಯಿದ್ದ ಕಡೆಗೆ, ಆ ತೆಳುಗೋಡೆಯ ದಿಕ್ಕಿಗೆ, ತಿರುಗಿದೆ. ತಿರುಗಿದವನು ನಾನೊಬ್ಬನೇ.

ಬಿಲ್ಲಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಂಗೆ ಕೇಳಿಸ್ತು" ಎಂದಳು ಪಿಸುದನಿಯಲ್ಲಿ. "ಅಂದ್ರೆ ನೆಟ್ಟಾ ಗೋಡೆ ಹತ್ರಾನೇ ಇದ್ಲು."

ನಾನು ಕಣ್ಣು ತಪ್ಪಿಸಿ ಬಲಿಪೀಠದ ಕಡೆಗೆ ತಿರುಗಿದೆ. ಅವಳು ಮಕ್ಕಳ ಕೈಗಳನ್ನು ಮೆಲ್ಲಗೆ ಬಿಟ್ಟಳು.